ಚಾರಣಕ್ಕೆ ನೀರಿನ ಫಿಲ್ಟರ್: ಮೊದಲು ನೀರು ನೋಡಿ, ಆಮೇಲೆ ಫಿಲ್ಟರ್ ಆರಿಸಿ

"ಒಂದು ಒಳ್ಳೆಯ ಫಿಲ್ಟರ್ ಯಾವುದು ಹೇಳಿ." ಬೆಟ್ಟ-ಕಾಡುಗಳಲ್ಲಿ ನಾಲ್ಕಾರು ದಿನ ನಡೆಯಲು ಹೊರಟವರು ಪದೇ ಪದೇ ಕೇಳುವ ಮಾತಿದು. ಉತ್ತರ ಹೇಳುವ ಮೊದಲು ಮೂರು ವಿಷಯ ಗೊತ್ತಾಗಬೇಕು. ನೀರು ಎಲ್ಲಿಂದ ತುಂಬಿಕೊಳ್ಳುತ್ತೀರಿ? ಗುಂಪಿನಲ್ಲಿ ಎಷ್ಟು ಜನ? ರಾತ್ರಿಯ ಚಳಿ ಸೊನ್ನೆ ಡಿಗ್ರಿಗಿಂತ ಕೆಳಕ್ಕೆ ಇಳಿಯುತ್ತದೆಯೇ? ಇಷ್ಟು ತಿಳಿದರೆ ಸಿಗುವ ಫಿಲ್ಟರ್‌ಗಳಲ್ಲಿ ಮುಕ್ಕಾಲು ಪಾಲು ನಿಮಗೆ ಬೇಡವೆಂದು ತಾನಾಗಿಯೇ ಗೊತ್ತಾಗುತ್ತದೆ. ಉಳಿದವುಗಳಲ್ಲಿ ಯಾವುದನ್ನು ತೆಗೆದುಕೊಂಡರೂ ದೊಡ್ಡ ತಪ್ಪಾಗುವುದಿಲ್ಲ. ತಪ್ಪಾಗುವುದು ಹೆಚ್ಚಾಗಿ ಅದನ್ನು ಬಳಸುವಾಗ. ಹಾಗಾಗಿ ಈ ಲೇಖನದ ಅರ್ಧ ಭಾಗ ಆರಿಸುವುದರ ಬಗ್ಗೆ, ಇನ್ನರ್ಧ ಕೈಗೆ ಬಂದ ಮೇಲೆ ಏನು ಮಾಡಬೇಕು ಎಂಬುದರ ಬಗ್ಗೆ.

ಹರಿಯುವ ನೀರು ಶುದ್ಧ, ತಿಳಿಯಾಗಿ ಕಾಣುವ ನೀರು ಶುದ್ಧ, ಎತ್ತರದ ತೊರೆಯ ನೀರು ಶುದ್ಧ ಎಂಬ ನಂಬಿಕೆಗಳನ್ನು ಈಗಲೇ ಬಿಟ್ಟುಬಿಡಿ. ನೀವು ನಿಂತ ಜಾಗದಿಂದ ನೂರು ಮೀಟರ್ ಮೇಲೆ ಸತ್ತ ಪ್ರಾಣಿಯೊಂದು ತೊರೆಯಲ್ಲಿ ಬಿದ್ದಿದ್ದರೂ ನಿಮ್ಮ ಬೊಗಸೆಯ ನೀರು ಗಾಜಿನಂತೆ ಹೊಳೆಯುತ್ತಿರುತ್ತದೆ.

ಹಂತ 1: ಏನನ್ನು ತಡೆಯಬೇಕೆಂದು ತಿಳಿಯಿರಿ

ಫಿಲ್ಟರ್ ಎಂದರೆ ಜರಡಿ. ಜರಡಿಯ ಕಣ್ಣು ಎಷ್ಟು ಸಣ್ಣದು ಎನ್ನುವುದರ ಮೇಲೆ ಏನು ನಿಲ್ಲುತ್ತದೆ, ಏನು ಜಾರಿಹೋಗುತ್ತದೆ ಎಂಬುದು ನಿಂತಿದೆ. ಇದನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್.

ನೀರಿನಲ್ಲಿರುವ ರೋಗಾಣುಗಳಲ್ಲಿ ದೊಡ್ಡವು ಪ್ರೊಟೊಜೋವಾ, ಅಂದರೆ ಒಂದೇ ಜೀವಕೋಶದ ಪರೋಪಜೀವಿಗಳು. ಜಿಯಾರ್ಡಿಯಾದ ಕೋಶ ಸುಮಾರು 8ರಿಂದ 12 ಮೈಕ್ರಾನ್ ಉದ್ದ, ಕ್ರಿಪ್ಟೋಸ್ಪೊರಿಡಿಯಂ 4ರಿಂದ 6 ಮೈಕ್ರಾನ್. ಇವು ಗಟ್ಟಿ ಕವಚದೊಳಗೆ ತಣ್ಣೀರಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕುತ್ತವೆ. ಜಿಯಾರ್ಡಿಯಾದ ಭೇದಿ ಶುರುವಾಗಲು ಸಾಮಾನ್ಯವಾಗಿ ಒಂದೆರಡು ವಾರ ಹಿಡಿಯುತ್ತದೆ. ಅಷ್ಟರಲ್ಲಿ ನೀವು ಮನೆಗೆ ಮರಳಿರುತ್ತೀರಿ, ನಿನ್ನೆ ತಿಂದದ್ದರ ಮೇಲೆ ಅನುಮಾನ ಪಡುತ್ತೀರಿ. "ಸೋಸದೆ ಕುಡಿದೆ, ಏನೂ ಆಗಲಿಲ್ಲ" ಎಂದು ಮರುದಿನವೇ ಹೇಳುವವರ ಮಾತನ್ನು ನಂಬಬಾರದ್ದು ಇದಕ್ಕೇ.

ಎರಡನೆಯದು ಬ್ಯಾಕ್ಟೀರಿಯಾ. ಇ. ಕೋಲೈ, ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್, ಕಾಲರಾ ರೋಗಾಣು ಈ ಗುಂಪಿನವು. ಗಾತ್ರ ಹೆಚ್ಚುಕಡಿಮೆ 0.2ರಿಂದ 5 ಮೈಕ್ರಾನ್. ಮೂರನೆಯದು ವೈರಸ್: ನೊರೊವೈರಸ್, ರೋಟಾವೈರಸ್, ಹೆಪಟೈಟಿಸ್ ಎ. ಇವು 0.02ರಿಂದ 0.1 ಮೈಕ್ರಾನ್, ಅಂದರೆ ಸಾಮಾನ್ಯ ಚಾರಣ ಫಿಲ್ಟರ್‌ನ ಕಣ್ಣಿಗಿಂತ ಸಣ್ಣವು. 0.1 ಅಥವಾ 0.2 ಮೈಕ್ರಾನ್ ಫಿಲ್ಟರ್ ಮೊದಲ ಎರಡು ಬಗೆಯನ್ನು ತಡೆಯುತ್ತದೆ. ವೈರಸ್ ತಡೆಯುವ ಭರವಸೆ ಅದರಿಂದ ಸಿಗುವುದಿಲ್ಲ.

ನಾಲ್ಕನೆಯ ಗುಂಪಿಗೆ ಜೀವವೇ ಇಲ್ಲ: ನೀರಿನಲ್ಲಿ ಕರಗಿರುವ ಲೋಹ, ಕೀಟನಾಶಕ, ಉಪ್ಪು, ಪಾಚಿಯ ವಿಷ. ಕರಗಿದ್ದನ್ನು ಯಾವ ಜರಡಿಯೂ ಹಿಡಿಯದು. ಸಕ್ರಿಯ ಇಂಗಾಲ ತುಂಬಿದ ಫಿಲ್ಟರ್‌ಗಳು ಕೆಲವು ರಾಸಾಯನಿಕಗಳನ್ನು, ವಾಸನೆಯನ್ನು, ಕೆಟ್ಟ ರುಚಿಯನ್ನು ಕಡಿಮೆ ಮಾಡುತ್ತವೆ. ಆದರೆ ಇಂಗಾಲ ಹೀರುವಷ್ಟು ಹೀರಿ ದಣಿಯುತ್ತದೆ, ದಣಿದದ್ದು ಹೊರಗೆ ಕಾಣುವುದಿಲ್ಲ. ನೀರಿನ ಮೇಲೆ ಹಸಿರು ಬಣ್ಣ ಸುರಿದಂತೆ ಪಾಚಿ ಕಟ್ಟಿದ್ದರೆ, ತೊರೆಯ ತಳ ಗಣಿಯ ಕೆಳಗೆ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ, ಹೊಲಗಳಿಂದ ನೀರು ಬಸಿದು ಬರುತ್ತಿದ್ದರೆ ಅಲ್ಲಿ ನಿಲ್ಲಬೇಡಿ. ಇಂಥ ನೀರನ್ನು ಕುದಿಸಿಯೂ ಪ್ರಯೋಜನವಿಲ್ಲ. ಪಾಚಿಯ ಕೋಶ ಒಡೆದು ಇನ್ನಷ್ಟು ವಿಷ ಹೊರಬರಬಹುದು.

ಹಂತ 2: ವೈರಸ್ ಬಗ್ಗೆ ಚಿಂತಿಸಬೇಕೇ, ಬೇಡವೇ?

ಫಿಲ್ಟರ್ ಆರಿಸುವಾಗ ಎಲ್ಲಕ್ಕಿಂತ ದೊಡ್ಡ ನಿರ್ಧಾರ ಇದು. ಜಿಯಾರ್ಡಿಯಾ, ಬ್ಯಾಕ್ಟೀರಿಯಾ ಪ್ರಾಣಿಗಳಿಂದಲೂ ಬರುತ್ತವೆ. ಮನುಷ್ಯರನ್ನು ಕಾಡುವ ಕರುಳಿನ ವೈರಸ್‌ಗಳು ಮುಖ್ಯವಾಗಿ ಮನುಷ್ಯರ ಮಲದಿಂದ ಬರುತ್ತವೆ. ಆದ್ದರಿಂದ ಭೂಪಟ ತೆಗೆದು, ನೀರು ತುಂಬಿಕೊಳ್ಳುವ ಜಾಗದಿಂದ ತೊರೆಯ ಗೆರೆ ಹಿಡಿದು ಮೇಲಕ್ಕೆ ಹೋಗಿ. ಮೇಲೆ ಊರಿದೆಯೇ? ನೂರಾರು ಜನ ತಂಗುವ ಬಿಡಾರವಿದೆಯೇ? ಶೌಚಾಲಯವಿಲ್ಲದೆ ಜನಜಂಗುಳಿ ಸಾಗುವ ದಾರಿಯಿದೆಯೇ? ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ ಬರೀ ಫಿಲ್ಟರ್ ಸಾಲದು. ಫಿಲ್ಟರ್ ಜೊತೆಗೆ ನೀರಿಗೆ ಹಾಕಿ ರೋಗಾಣು ಕೊಲ್ಲುವ ಮಾತ್ರೆ ಬೇಕು, ಇಲ್ಲವೇ ವೈರಸ್ಸನ್ನೂ ತಡೆಯುವ ಪ್ಯೂರಿಫೈಯರ್ ಬೇಕು, ಇಲ್ಲವೇ ಕುದಿಸಬೇಕು.

ಮೇಲೆ ಬಂಡೆ, ಹಿಮ, ಕಾಡು ಬಿಟ್ಟರೆ ಏನೂ ಇಲ್ಲ, ಜನರ ಓಡಾಟ ವಿರಳ ಎಂದಾದರೆ 0.1 ಅಥವಾ 0.2 ಮೈಕ್ರಾನ್ ಫಿಲ್ಟರ್ ಸಾಕು. ಅನುಮಾನವಿದ್ದರೆ ಊರಿದೆ ಎಂದೇ ಎಣಿಸಿ. ಮಾತ್ರೆಯ ಪಟ್ಟಿ ಕೆಲವೇ ಗ್ರಾಂ ತೂಗುತ್ತದೆ.

ಹಂತ 3: ಪೆಟ್ಟಿಗೆಯ ಮೇಲಿನ ಮಾತುಗಳನ್ನು ಬಿಡಿಸಿ ಓದಿ

"0.2 ಮೈಕ್ರಾನ್" ಎಂದು ಬರೆದಿದ್ದರೆ ಅದರ ಪಕ್ಕದಲ್ಲಿ "ಅಬ್ಸಲ್ಯೂಟ್" ಎಂಬ ಪದವಿದೆಯೇ ನೋಡಿ. ಅಬ್ಸಲ್ಯೂಟ್ ಎಂದರೆ ಆ ಫಿಲ್ಟರ್‌ನ ಯಾವ ಕಣ್ಣೂ ಹೇಳಿದ ಅಳತೆಗಿಂತ ದೊಡ್ಡದಲ್ಲ. "ನಾಮಿನಲ್" ಎಂದಿದ್ದರೆ ಅದು ಸರಾಸರಿಯ ಮಾತು, ದೊಡ್ಡ ಕಣ್ಣುಗಳೂ ಇರಬಹುದು. ಕುಡಿಯುವ ನೀರಿಗೆ ನಾಮಿನಲ್ ಅಳತೆಯ ಫಿಲ್ಟರ್ ಬೇಡ.

ಮುಂದಿನದು ಶೇಕಡಾವಾರು ಲೆಕ್ಕ. 99.9 ಮತ್ತು 99.9999 ನೋಡಲು ಅಕ್ಕಪಕ್ಕದ ಸಂಖ್ಯೆಗಳು. ಆದರೆ ಒಂದು ಲೀಟರಿನಲ್ಲಿ 10 ಲಕ್ಷ ಬ್ಯಾಕ್ಟೀರಿಯಾ ಇವೆ ಎಂದುಕೊಳ್ಳಿ. ಮೊದಲನೆಯದರಲ್ಲಿ 1,000 ಉಳಿಯುತ್ತವೆ, ಎರಡನೆಯದರಲ್ಲಿ ಒಂದೇ ಒಂದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1987ರಲ್ಲಿ ಪ್ಯೂರಿಫೈಯರ್‌ಗಳಿಗೆ ಹಾಕಿಕೊಟ್ಟ ಮಟ್ಟ ಇವತ್ತಿಗೂ ಒಳ್ಳೆಯ ಅಳತೆಗೋಲು: ಬ್ಯಾಕ್ಟೀರಿಯಾ 99.9999, ವೈರಸ್ 99.99, ಪ್ರೊಟೊಜೋವಾ 99.9 ಶೇಕಡಾ ಇಳಿಯಬೇಕು. ಸಾಮಾನುಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಅಮೆರಿಕದ ಎನ್‌ಎಸ್‌ಎಫ್ ಸಂಸ್ಥೆಯ ಪಿ231 ಎಂಬ ಗುರುತು ಇದೇ ಮಟ್ಟವನ್ನು ಆಧರಿಸಿದ್ದು. ಪೆಟ್ಟಿಗೆಯ ಮೇಲೆ ಮೂರು ಸಂಖ್ಯೆಗಳೂ ಬೇರೆ ಬೇರೆಯಾಗಿ ಕಾಣಬೇಕು. "99.99 ಶೇಕಡಾ ಕೊಳೆ ಹೋಗುತ್ತದೆ" ಎಂದಷ್ಟೇ ಬರೆದಿದ್ದರೆ ಯಾವ ಕೊಳೆ ಎಂಬುದನ್ನು ಅವರು ಹೇಳಿಲ್ಲ ಎಂದರ್ಥ.

"ಫಿಲ್ಟರ್" ಮತ್ತು "ಪ್ಯೂರಿಫೈಯರ್" ಪದಗಳಿಗೂ ವ್ಯತ್ಯಾಸವಿದೆ. ಚಾರಣದ ಸಾಮಾನಿನ ಮಾತಿನಲ್ಲಿ ಪ್ಯೂರಿಫೈಯರ್ ಎಂದರೆ ವೈರಸ್ಸನ್ನೂ ತಡೆಯುವಂಥದ್ದು. ಎರಡನ್ನೂ ಒಂದೇ ಎಂದು ಬಗೆದು ಹಂತ 2ರಲ್ಲಿ ಮಾಡಿದ ನಿರ್ಧಾರವನ್ನು ಕೆಡಿಸಿಕೊಳ್ಳಬೇಡಿ.

ಆಯಸ್ಸಿನ ಲೆಕ್ಕವನ್ನು ಅರ್ಧಕ್ಕೆ ಇಳಿಸಿಯೇ ನಂಬಿ. ತಯಾರಕರು ಹೇಳುವ ಲೀಟರ್‌ಗಳನ್ನು ಎಣಿಸುವುದು ತಕ್ಕಮಟ್ಟಿಗೆ ತಿಳಿಯಾದ ನೀರಿನಲ್ಲಿ. ಬಗ್ಗಡ ನೀರು ಸೋಸಿದರೆ ಅದಕ್ಕೂ ಬಹಳ ಮೊದಲೇ ಕಟ್ಟಿಕೊಳ್ಳುತ್ತದೆ.

ಹಂತ 4: ಬಗೆ ಆರಿಸಿ

ಹಿಂಡುವ ಫಿಲ್ಟರ್. ಮೆತ್ತನೆಯ ಚೀಲಕ್ಕೆ ನೀರು ತುಂಬಿ, ಬಾಯಿಗೆ ಫಿಲ್ಟರ್ ತಿರುಗಿಸಿ, ಚೀಲ ಹಿಂಡುವುದು. ಒಳಗಿರುವುದು ಟೊಳ್ಳು ನೂಲಿನ ಕಂತೆ: ಸಣ್ಣ ಸಣ್ಣ ಕೊಳವೆಗಳು, ಅವುಗಳ ಗೋಡೆಯಲ್ಲಿ 0.1 ಅಥವಾ 0.2 ಮೈಕ್ರಾನ್ ಕಣ್ಣುಗಳು. ಸಾಯರ್ ಸ್ಕ್ವೀಜ್, ಕಟಡಿನ್ ಬಿಫ್ರೀ, ಪ್ಲಾಟಿಪಸ್ ಕ್ವಿಕ್‌ಡ್ರಾ ಈ ಬಗೆಯವು. ಒಬ್ಬರಿಗೆ, ಇಬ್ಬರಿಗೆ ನಮ್ಮ ಮೊದಲ ಆಯ್ಕೆ ಇದೇ. ತೂಕ ನೂರು ಗ್ರಾಂ ಆಸುಪಾಸು, ಕೆಡುವ ಯಂತ್ರಭಾಗ ಇಲ್ಲ. ಕೊಳ್ಳುವಾಗ ತಿರುಪಿನ ಅಳತೆ ನೋಡಿ. ಸಾಯರ್‌ನದು 28 ಮಿಲಿಮೀಟರ್, ಸಾಮಾನ್ಯ ತಂಪು ಪಾನೀಯದ ಬಾಟಲಿಗೆ ಹೊಂದುತ್ತದೆ. ಬಿಫ್ರೀಯದು 42 ಮಿಲಿಮೀಟರ್. ಅಗಲ ಬಾಯಿಯಿಂದ ತುಂಬುವುದು ಸುಲಭ, ಆದರೆ ಚೀಲ ಹರಿದರೆ ದಾರಿಯಲ್ಲಿ ಬದಲಿ ಸಿಗುವುದು ಕಷ್ಟ. ಈ ಬಗೆಯಲ್ಲಿ ಫಿಲ್ಟರ್‌ಗಿಂತ ಮೊದಲು ಕೈಕೊಡುವುದು ಚೀಲ, ಅದೂ ಕುತ್ತಿಗೆಯ ಹೊಲಿಗೆಯ ಬಳಿ. ಇನ್ನೊಂದು ಚೀಲ ಇಟ್ಟುಕೊಳ್ಳಿ.

ತೂಗುಹಾಕುವ ಫಿಲ್ಟರ್. ಕೊಳೆ ನೀರಿನ ಚೀಲವನ್ನು ಕೊಂಬೆಗೆ ಕಟ್ಟಿದರೆ ನೀರು ತನ್ನ ಭಾರಕ್ಕೆ ತಾನೇ ಫಿಲ್ಟರ್ ಮೂಲಕ ಕೆಳಗಿನ ಚೀಲಕ್ಕೆ ಇಳಿಯುತ್ತದೆ. ನಾಲ್ಕು ಜನ ಅಥವಾ ಹೆಚ್ಚಿದ್ದರೆ ಇದನ್ನು ಬಿಟ್ಟು ಬೇರೆ ಯೋಚಿಸಬೇಡಿ. ನೀರು ಇಳಿಯುವಷ್ಟರಲ್ಲಿ ಡೇರೆ ಹಾಕಿ ಮುಗಿಸಬಹುದು. ಮೇಲಿನ ಚೀಲ ಎತ್ತರಕ್ಕೆ ಹೋದಷ್ಟೂ ಹರಿವು ಚುರುಕು. ಮರವೇ ಇಲ್ಲದ ಬಯಲಿನಲ್ಲಿ ಬಂಡೆ ಹುಡುಕಬೇಕಾಗುತ್ತದೆ. ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡು ಹರಿವು ನಿಂತರೆ ಫಿಲ್ಟರ್ ಹಾಳಾಯಿತೆಂದು ಗಾಬರಿಯಾಗಬೇಡಿ. ಶುದ್ಧ ನೀರಿನ ಚೀಲವನ್ನು ಕೆಲವು ಸೆಕೆಂಡು ಮೇಲಿನ ಚೀಲಕ್ಕಿಂತ ಎತ್ತರ ಹಿಡಿಯಿರಿ. ನೀರು ಹಿಮ್ಮುಖವಾಗಿ ಹರಿದು ಗಾಳಿಯನ್ನೂ ಕೊಳೆಯನ್ನೂ ತಳ್ಳುತ್ತದೆ.

ಪಂಪ್. ಕೊಳವೆ ಇಳಿಬಿಟ್ಟು ಕೈಯಿಂದ ಒತ್ತುವುದು. ಬಂಡೆಯ ಸಂದಿನಲ್ಲಿ ಎರಡು ಅಂಗುಲ ನೀರಿದ್ದರೂ ಎಳೆದುಕೊಳ್ಳುತ್ತದೆ, ಒಣ ಪ್ರದೇಶಗಳಲ್ಲಿ ಇದೊಂದೇ ದೊಡ್ಡ ಕಾರಣ ಸಾಕು. ಸೆರಾಮಿಕ್ ತಿರುಳಿನ ಪಂಪ್ ಕಟ್ಟಿಕೊಂಡಾಗ ಮೇಲ್ಮೈ ಉಜ್ಜಿ ಮತ್ತೆ ಬಳಸಬಹುದು. ಆದರೆ ಕಲ್ಲಿನ ಮೇಲೆ ಬಿದ್ದರೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಅದು ಕಣ್ಣಿಗೆ ಕಾಣದೆಯೂ ಇರಬಹುದು. ಎಂಎಸ್‌ಆರ್ ಗಾರ್ಡಿಯನ್ 0.02 ಮೈಕ್ರಾನ್ ಕಣ್ಣಿನದು, ವೈರಸ್ಸನ್ನೂ ತಡೆಯುತ್ತದೆ. ಅದಕ್ಕೆ ತಕ್ಕಂತೆ ತೂಕ ಅರ್ಧ ಕಿಲೋ ಹತ್ತಿರ.

ಒತ್ತುವ ಬಾಟಲಿ. ಹೊರ ಪಾತ್ರೆಗೆ ನೀರು ತುಂಬಿ ಒಳ ಪಾತ್ರೆಯನ್ನು ಮೈಭಾರ ಹಾಕಿ ಒತ್ತುವುದು. ಗ್ರೇಲ್ ಜಿಯೋಪ್ರೆಸ್ ಒಂದು ಸಲಕ್ಕೆ 710 ಮಿಲಿಲೀಟರ್ ಕೊಡುತ್ತದೆ, ವೈರಸ್ಸನ್ನೂ ತಡೆಯುತ್ತದೆ. ಊರಿಂದೂರಿಗೆ ನಡೆಯುವ ಒಬ್ಬರಿಗೆ ಹೇಳಿ ಮಾಡಿಸಿದ್ದು, ಗುಂಪಿಗೆ ಅಲ್ಲ.

ಹೀರುವ ಕೊಳವೆ. ತೊರೆಗೆ ಬಾಗಿ ನೇರ ಹೀರುವುದು. ನೀರು ಹೊತ್ತೊಯ್ಯಲು ಆಗದು, ಅಡುಗೆಗೆ ಆಗದು. ತುರ್ತಿಗೆ ಚೀಲದಲ್ಲಿರಲಿ, ಮುಖ್ಯ ಸಾಧನವಾಗಿ ಬೇಡ.

ಯುವಿ ದೀಪ. ನೇರಳಾತೀತ ಬೆಳಕು ರೋಗಾಣುಗಳ ವಂಶವಾಹಿಯನ್ನು ಕೆಡಿಸಿ ಅವು ಮರಿ ಮಾಡದಂತೆ ಮಾಡುತ್ತದೆ, ವೈರಸ್‌ಗೂ ನಡೆಯುತ್ತದೆ. ಸ್ಟೆರಿಪೆನ್‌ನಂಥವು ಒಂದು ಲೀಟರಿಗೆ 90 ಸೆಕೆಂಡು ತೆಗೆದುಕೊಳ್ಳುತ್ತವೆ. ಷರತ್ತು ಎರಡು: ನೀರು ತಿಳಿಯಾಗಿರಬೇಕು, ಬ್ಯಾಟರಿಯಲ್ಲಿ ಜೀವವಿರಬೇಕು. ಬಗ್ಗಡದ ಕಣದ ಹಿಂದೆ ಅಡಗಿದ ರೋಗಾಣುವಿಗೆ ಬೆಳಕು ತಾಗದು. ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ.

ಮಾತ್ರೆ. ಇರುವುದರಲ್ಲಿ ಉತ್ತಮ ಕ್ಲೋರಿನ್ ಡಯಾಕ್ಸೈಡ್. ಸಾಮಾನ್ಯವಾಗಿ ಲೀಟರಿಗೆ ಒಂದು ಮಾತ್ರೆ. ಬ್ಯಾಕ್ಟೀರಿಯಾ, ವೈರಸ್, ಜಿಯಾರ್ಡಿಯಾಗೆ 30 ನಿಮಿಷ ಸಾಕು, ಕ್ರಿಪ್ಟೋಸ್ಪೊರಿಡಿಯಂಗೆ 4 ಗಂಟೆ. ಬಹಳ ಜನ ಈ 4 ಗಂಟೆಯನ್ನು ಓದುವುದೇ ಇಲ್ಲ. ಸಾದಾ ಕ್ಲೋರಿನ್ ಮತ್ತು ಅಯೋಡಿನ್ ಬಳಸುವ ಪ್ರಮಾಣದಲ್ಲಿ ಕ್ರಿಪ್ಟೋಸ್ಪೊರಿಡಿಯಂ ಸಾಯುವುದಿಲ್ಲ. ಗರ್ಭಿಣಿಯರು, ಥೈರಾಯ್ಡ್ ತೊಂದರೆಯಿರುವವರು ಅಯೋಡಿನ್ ಬಳಸಬಾರದು.

ಕುದಿಸುವುದು. ಎಲ್ಲ ಜೀವಾಣುಗಳಿಗೂ ಮದ್ದು. ಕೊತಕೊತ ಕುದಿ ಬಂದ ಮೇಲೆ 1 ನಿಮಿಷ, 2,000 ಮೀಟರ್ ಎತ್ತರ ದಾಟಿದರೆ 3 ನಿಮಿಷ. ಇಂಧನ ಮತ್ತು ಸಮಯ ಎರಡೂ ಖರ್ಚು. ಹಿಮ ಕರಗಿಸುವ ಪ್ರವಾಸಗಳಲ್ಲಿ ಹೇಗೂ ಒಲೆ ಹಚ್ಚಲೇಬೇಕು, ಅಲ್ಲಿ ಫಿಲ್ಟರ್ ಬಿಟ್ಟು ಇದನ್ನೇ ನೆಚ್ಚಿಕೊಳ್ಳಿ.

ಇವುಗಳಲ್ಲಿ ನಮ್ಮ ಶಿಫಾರಸು ಒಂದೇ ಜೋಡಿ: ಟೊಳ್ಳು ನೂಲಿನ ಫಿಲ್ಟರ್ ಜೊತೆಗೆ ಕ್ಲೋರಿನ್ ಡಯಾಕ್ಸೈಡ್ ಮಾತ್ರೆ. ಮೊದಲು ಸೋಸಿ, ಆಮೇಲೆ ಮಾತ್ರೆ ಹಾಕಿ. ಕ್ರಿಪ್ಟೋಸ್ಪೊರಿಡಿಯಂ ಫಿಲ್ಟರ್‌ನಲ್ಲೇ ನಿಂತುಬಿಡುವುದರಿಂದ 4 ಗಂಟೆ ಕಾಯಬೇಕಿಲ್ಲ, ವೈರಸ್‌ಗೆ ಬೇಕಾದ 30 ನಿಮಿಷ ಸಾಕು. ನೀರು ತುಂಬ ತಣ್ಣಗಿದ್ದರೆ ಮಾತ್ರೆಯ ಚೀಟಿಯಲ್ಲಿ ಹೇಳಿದಂತೆ ಇನ್ನೂ ಹೆಚ್ಚು ಕಾಯಿರಿ. ಕ್ರಮ ತಿರುವುಮುರುವು ಮಾಡಬೇಡಿ: ಮಾತ್ರೆ ಹಾಕಿದ ನೀರನ್ನು ಇಂಗಾಲವಿರುವ ಫಿಲ್ಟರ್‌ನಲ್ಲಿ ಸೋಸಿದರೆ ಇಂಗಾಲ ಆ ಮದ್ದನ್ನೇ ಹೀರಿಕೊಳ್ಳುತ್ತದೆ. ದಾರಿಯಲ್ಲಿ ಫಿಲ್ಟರ್ ಕೆಟ್ಟರೂ ಮಾತ್ರೆ ಕೈಯಲ್ಲಿರುತ್ತದೆ ಎನ್ನುವುದು ಇನ್ನೊಂದು ಲಾಭ.

ಹಂತ 5: ಲೀಟರಿನ ಲೆಕ್ಕ ಹಾಕಿ

ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ 4 ಲೀಟರ್ ಎಂದು ಹಿಡಿಯಿರಿ; ಬಿಸಿಲಿದ್ದರೆ, ಏರು ಕಡಿದಾಗಿದ್ದರೆ ಇನ್ನೂ ಹೆಚ್ಚು. ನಾಲ್ಕು ಜನ, ಐದು ದಿನ ಎಂದರೆ 80 ಲೀಟರ್. ನಿಮಿಷಕ್ಕೆ ಒಂದು ಲೀಟರ್ ಹಿಂಡಿದರೂ ದಿನಕ್ಕೆ 16 ನಿಮಿಷದ ಕೈಕೆಲಸ, ಅದೂ ಫಿಲ್ಟರ್ ಹೊಸದಾಗಿರುವಾಗ. ಮೂರನೆಯ ದಿನಕ್ಕೆ ಇದು ಅರ್ಧ ಗಂಟೆ ಆಗಿರುತ್ತದೆ.

ಚಳಿ ಪ್ರದೇಶಕ್ಕೆ ಹೋಗುವವರು ಇನ್ನೊಂದು ಲೆಕ್ಕ ಸೇರಿಸಬೇಕು. ನೀರು ತಣ್ಣಗಾದಷ್ಟೂ ದಪ್ಪವಾಗುತ್ತದೆ. ಸೊನ್ನೆ ಡಿಗ್ರಿ ಹತ್ತಿರದ ನೀರಿನ ಸ್ನಿಗ್ಧತೆ, ಅಂದರೆ ಹರಿಯಲು ತೋರುವ ಜಿಗುಟು, 25 ಡಿಗ್ರಿ ನೀರಿನದಕ್ಕಿಂತ ಸುಮಾರು ಎರಡು ಪಟ್ಟು. ಮನೆಯ ನಲ್ಲಿಯ ಕೆಳಗೆ ನೋಡಿದ ಹರಿವು ಹಿಮನದಿಯ ಪಕ್ಕದಲ್ಲಿ ಅರ್ಧಕ್ಕೆ ಇಳಿಯುವುದು ಸಹಜ, ಫಿಲ್ಟರ್‌ನ ದೋಷವಲ್ಲ.

ಹಂತ 6: ಹೊರಡುವ ಮೊದಲು ಮನೆಯಲ್ಲೇ ಪರೀಕ್ಷಿಸಿ

ಹೊಸ ಫಿಲ್ಟರ್ ಆದರೆ ಚೀಟಿಯಲ್ಲಿ ಹೇಳಿದಷ್ಟು ಹೊತ್ತು ನೆನೆಸಿ, ಮೊದಲ ಒಂದೆರಡು ಲೀಟರ್ ಚೆಲ್ಲಿ. ಹಳೆಯದಾದರೆ ಹರಿವನ್ನು ಗಡಿಯಾರ ಹಿಡಿದು ಅಳೆಯಿರಿ: ಒಂದು ಲೀಟರಿಗೆ ಎಷ್ಟು ಸೆಕೆಂಡು? ಸಂಖ್ಯೆಯನ್ನು ಚೀಲದ ಮೇಲೆ ಬರೆದಿಟ್ಟರೆ ದಾರಿಯಲ್ಲಿ ಹೋಲಿಸಲು ಬರುತ್ತದೆ.

ಫಿಲ್ಟರ್‌ನೊಳಗಿನ ಟೊಳ್ಳು ನೂಲಿನ ಎಳೆ ಹರಿದಿದೆಯೇ ಎಂದು ತಿಳಿಯಲು ಗಾಳಿ ಪರೀಕ್ಷೆ ಮಾಡಿ. ಫಿಲ್ಟರ್ ಮೂಲಕ ಒಂದಷ್ಟು ನೀರು ಹರಿಸಿ ಒಳಗೆಲ್ಲ ಒದ್ದೆಯಾಗಲಿ. ಚೀಲದ ನೀರು ಚೆಲ್ಲಿ ಗಾಳಿ ತುಂಬಿ, ಫಿಲ್ಟರ್ ತಿರುಗಿಸಿ, ಅದರ ಹೊರಬಾಯಿಯನ್ನು ಶುದ್ಧ ನೀರಿನ ಲೋಟದಲ್ಲಿ ಮುಳುಗಿಸಿ ಮೆಲ್ಲಗೆ ಹಿಂಡಿ. ಎಳೆಗಳು ಸರಿಯಿದ್ದರೆ ಒದ್ದೆ ಕಣ್ಣುಗಳಲ್ಲಿ ಹಿಡಿದು ನಿಂತ ನೀರನ್ನು ಕೈಯ ಒತ್ತಡ ತಳ್ಳಲಾರದು, ಗಾಳಿ ಆಚೆ ದಾಟುವುದಿಲ್ಲ. ಮೊದಲಿಗೆ ಒಂದೆರಡು ಗುಳ್ಳೆ ಬಂದು ನಿಂತರೆ ಪರವಾಗಿಲ್ಲ. ಗುಳ್ಳೆಗಳ ಸಾಲು ನಿಲ್ಲದೆ ಬಂದರೆ ಎಲ್ಲೋ ಎಳೆ ಹರಿದಿದೆ, ಆ ಫಿಲ್ಟರ್ ಎಸೆಯಿರಿ. ತಯಾರಕರು ತಮ್ಮದೇ ವಿಧಾನ ಹೇಳಿದ್ದರೆ ಅದನ್ನೇ ಅನುಸರಿಸಿ.

ಕೊನೆಗೆ ರಬ್ಬರ್ ವಾಷರ್ ನೋಡಿ. ಫಿಲ್ಟರ್ ಮತ್ತು ಚೀಲದ ನಡುವಿನ ಈ ಸಣ್ಣ ಬಳೆ ಕಳಚಿ ಬೀಳುವುದು ಬಹಳ ಸಾಮಾನ್ಯ. ಅದಿಲ್ಲದಿದ್ದರೆ ಕೊಳೆ ನೀರು ಪಕ್ಕದಿಂದ ಜಿನುಗಿ ನೇರ ಶುದ್ಧ ಬಾಟಲಿಗೆ ಇಳಿಯುತ್ತದೆ. ಒಂದು ಬದಲಿ ಜೊತೆಗಿರಲಿ.

ಹಂತ 7: ನೀರಿನ ಬಳಿ

ಮೊದಲು ಜಾಗ ನೋಡಿ. ದಾರಿ ತೊರೆಯನ್ನು ದಾಟುವ ಜಾಗಕ್ಕಿಂತ ಮೇಲೆ, ಬಿಡಾರಗಳಿಗಿಂತ ಮೇಲೆ ಹೋಗಿ ತುಂಬಿಕೊಳ್ಳಿ. ಕೆರೆಯಾದರೆ ಮೇಲಿನ ಕೆನೆಯನ್ನೂ ತಳದ ಕೆಸರನ್ನೂ ಬಿಟ್ಟು ನಡುವಿನಿಂದ ಎತ್ತಿ. ಮೆತ್ತನೆಯ ಚೀಲ ನಿಂತ ನೀರಿನಲ್ಲಿ ತುಂಬುವುದೇ ಇಲ್ಲ, ಬಾಯಿ ಅಂಟಿಕೊಳ್ಳುತ್ತದೆ. ತಳ ಕತ್ತರಿಸಿದ ಹಗುರ ಪ್ಲಾಸ್ಟಿಕ್ ಬಾಟಲಿಯನ್ನು ಮೊಗೆಯಲು ಇಟ್ಟುಕೊಳ್ಳಿ, ದಿನಕ್ಕೆ ಹತ್ತು ಸಲ ಉಪಯೋಗಕ್ಕೆ ಬರುತ್ತದೆ.

ನೀರು ಬಗ್ಗಡವಾಗಿದ್ದರೆ ಫಿಲ್ಟರ್‌ಗೆ ಹಾಕುವ ಮೊದಲೇ ತಿಳಿಯಾಗಿಸಿ. ಪಾತ್ರೆಯಲ್ಲಿ ತುಂಬಿ ಕೆಲವು ಗಂಟೆ, ಸಾಧ್ಯವಾದರೆ ಇಡೀ ರಾತ್ರಿ, ಅಲುಗಾಡಿಸದೆ ಬಿಡಿ. ಮೇಲಿನ ತಿಳಿಯನ್ನು ನಾಲ್ಕು ಮಡಿಕೆ ಹತ್ತಿ ಬಟ್ಟೆಯಲ್ಲಿ ಬಗ್ಗಿಸಿ. ಹಿಮನದಿಯ ಹಾಲುಬಣ್ಣದ ನೀರಿನಲ್ಲಿರುವ ಕಲ್ಲಿನ ಹುಡಿ ಬಟ್ಟೆಯಲ್ಲಿ ನಿಲ್ಲದಷ್ಟು ನುಣುಪು. ಒಂದೇ ಸಂಜೆಯಲ್ಲಿ ಅದು ಹೊಸ ಫಿಲ್ಟರನ್ನು ಕಟ್ಟಿಹಾಕಬಲ್ಲದು. ಅಂಥಲ್ಲಿ ಪಟಿಕದ ಪುಡಿ, ಅಂದರೆ ಆಲಂ, ಲೀಟರಿಗೆ ಒಂದು ಸಣ್ಣ ಚಿಟಿಕೆ ಹಾಕಿ ಐದು ನಿಮಿಷ ನಿಧಾನವಾಗಿ ಕಲಕಿ. ಹುಡಿ ಒಂದಕ್ಕೊಂದು ಅಂಟಿ ಹತ್ತಿಯ ಚೂರುಗಳಂತಾಗಿ ತಳಕ್ಕೆ ಇಳಿಯುತ್ತದೆ. ಪಟಿಕ ರೋಗಾಣುವನ್ನು ಕೊಲ್ಲುವುದಿಲ್ಲ, ತಿಳಿಗೊಳಿಸುತ್ತದೆ ಅಷ್ಟೇ.

ಈಗ ಸೋಸುವುದು. ಕೊಳೆ ನೀರಿಗೆ ಮುಟ್ಟುವ ಚೀಲ ಯಾವುದು, ಶುದ್ಧ ನೀರಿನ ಬಾಟಲಿ ಯಾವುದು ಎಂದು ಬಣ್ಣದ ಪಟ್ಟಿ ಅಂಟಿಸಿ ಗುರುತಿಸಿ. ಕತ್ತಲಲ್ಲಿ, ದಣಿವಿನಲ್ಲಿ ಅದಲುಬದಲಾಗುವುದು ತೀರಾ ಸುಲಭ. ಚೀಲದ ಹೊರಮೈ ಒರೆಸಿ, ಇಲ್ಲದಿದ್ದರೆ ಅಲ್ಲಿಂದ ತೊಟ್ಟಿಕ್ಕುವ ಹನಿಗಳು ಬಾಟಲಿಯ ಬಾಯಿಗೆ ಬೀಳುತ್ತವೆ. ಕ್ರಿಪ್ಟೋಸ್ಪೊರಿಡಿಯಂನ ಕೆಲವೇ ಕೋಶಗಳು ಹೊಟ್ಟೆಗೆ ಹೋದರೂ ಕಾಯಿಲೆಗೆ ಸಾಕಾಗಬಹುದು, ಒಂದು ಹನಿಯನ್ನು ಹಗುರವಾಗಿ ಎಣಿಸಬೇಡಿ. ಚೀಲವನ್ನು ಬಟ್ಟೆಯಂತೆ ತಿರುಚಿ ಹಿಂಡಬೇಡಿ. ತಳದಿಂದ ಸುರುಳಿ ಸುತ್ತುತ್ತ ಸಮನಾಗಿ ಒತ್ತಿ. ಬಲ ಹೆಚ್ಚು ಬೇಕಾಗುತ್ತಿದೆ ಎಂದರೆ ಅದು ಫಿಲ್ಟರ್ ತೊಳೆಯಬೇಕೆಂಬ ಸೂಚನೆ, ಇನ್ನಷ್ಟು ಒತ್ತಬೇಕೆಂಬುದಲ್ಲ.

ಮಾತ್ರೆ ಬಳಸುವವರು ಒಂದು ಸಣ್ಣ ಕೆಲಸ ಮರೆಯಬೇಡಿ. ಮಾತ್ರೆ ಕರಗಿದ ಮೇಲೆ ಮುಚ್ಚಳ ಸ್ವಲ್ಪ ಸಡಿಲಿಸಿ, ಬಾಟಲಿಯನ್ನು ಓರೆ ಮಾಡಿ, ಮದ್ದಿನ ನೀರು ತಿರುಪಿನ ಸಂದುಗಳಲ್ಲೆಲ್ಲ ಹರಿಯುವಂತೆ ಮಾಡಿ. ತುಟಿ ತಾಗುವುದು ಅಲ್ಲಿಗೇ.

ಇಷ್ಟೆಲ್ಲ ಮಾಡಿ ಕೈ ತೊಳೆಯದೆ ಊಟಕ್ಕೆ ಕೂತರೆ ಫಿಲ್ಟರ್‌ನ ಕೆಲಸ ವ್ಯರ್ಥ. ಚಾರಣದ ಭೇದಿಯೆಲ್ಲ ನೀರಿನಿಂದಲೇ ಬರುವುದಿಲ್ಲ, ಕೈಯಿಂದಲೂ ಬರುತ್ತದೆ. ನೊರೊವೈರಸ್ ವಿಷಯದಲ್ಲಿ ಸೋಪು-ನೀರನ್ನೇ ನಂಬಿ, ಮದ್ಯಸಾರದ ಸ್ಯಾನಿಟೈಸರ್ ಅಷ್ಟು ಕೆಲಸ ಮಾಡದು. ಮಲವಿಸರ್ಜನೆಗೆ ನೀರಿನಿಂದ ಕನಿಷ್ಠ 60 ಮೀಟರ್, ಅಂದರೆ ಸುಮಾರು 80 ಹೆಜ್ಜೆ, ದೂರ ಹೋಗಿ. ನಿಮ್ಮ ಕೆಳಗೆ ಇನ್ನೊಬ್ಬರು ನೀರು ತುಂಬಿಕೊಳ್ಳುತ್ತಿರುತ್ತಾರೆ.

ಹಂತ 8: ಹರಿವು ಕುಗ್ಗಿದಾಗ

ದಿನಕ್ಕೊಮ್ಮೆ ಬ್ಯಾಕ್‌ಫ್ಲಶ್ ಮಾಡಿ, ಅಂದರೆ ಶುದ್ಧ ನೀರನ್ನು ಹೊರಬಾಯಿಂದ ಒಳಬಾಯಿಗೆ, ಉಲ್ಟಾ ಹರಿಸಿ. ಸಾಯರ್‌ಗೆ ಇದಕ್ಕೆಂದೇ ಸಿರಿಂಜ್ ಬರುತ್ತದೆ. ಜೋರಾಗಿ, ಒಮ್ಮೆಲೇ ತಳ್ಳಿ; ನಿಧಾನಕ್ಕೆ ತಳ್ಳಿದರೆ ನೀರು ಆಗಲೇ ತೆರೆದಿರುವ ಕಣ್ಣುಗಳಲ್ಲಿ ಮಾತ್ರ ದಾರಿ ಮಾಡಿಕೊಳ್ಳುತ್ತದೆ. ಬಿಫ್ರೀಯಂಥವನ್ನು ಚೀಲದ ಶುದ್ಧ ನೀರಿನಲ್ಲೇ ಅಲುಗಾಡಿಸಿ ತೊಳೆಯುತ್ತಾರೆ. ನಿಮ್ಮದು ಯಾವ ಬಗೆಯದೆಂದು ಚೀಟಿ ನೋಡಿ. ಯಾವುದಾದರೂ ಸರಿ, ತೊಳೆಯುವ ನೀರು ಸೋಸಿದ್ದೇ ಆಗಿರಬೇಕು. ತೊರೆಯ ನೀರನ್ನು ಹೊರಬಾಯಿಂದ ಹಾಕಿದರೆ ಶುದ್ಧ ಬದಿಗೇ ರೋಗಾಣು ಬಿಟ್ಟಂತೆ.

ಹಂತ 9: ಚಳಿ

ಸದ್ದಿಲ್ಲದೆ ಕೆಡುವುದು ಇಲ್ಲಿ. ಒಮ್ಮೆ ಒದ್ದೆಯಾದ ಟೊಳ್ಳು ನೂಲಿನ ಫಿಲ್ಟರ್ ಎಷ್ಟು ಕೊಡವಿದರೂ ಒಳಗೆ ನೀರು ಹಿಡಿದುಕೊಂಡೇ ಇರುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಎಳೆಗಳು ಸೀಳುತ್ತವೆ. ಬೆಳಿಗ್ಗೆ ಕರಗಿದ ಮೇಲೆ ಫಿಲ್ಟರ್ ಎಂದಿನಂತೆಯೇ ಕಾಣುತ್ತದೆ. ಹರಿವು ಇನ್ನೂ ಚುರುಕಾಗಿರುತ್ತದೆ, ಅದೇ ಅಪಾಯ: ನೀರು ಸೀಳಿನಲ್ಲಿ ಸೋಸದೆ ನುಗ್ಗುತ್ತಿದೆ. ಕಟ್ಟಿಕೊಂಡ ಫಿಲ್ಟರ್ ತಾನೇ ಹೇಳಿಕೊಳ್ಳುತ್ತದೆ, ಸೀಳಿದ ಫಿಲ್ಟರ್ ಹೇಳುವುದಿಲ್ಲ.

ರಾತ್ರಿ ಮಲಗುವಾಗ ನೀರು ಕೊಡವಿ, ಗಟ್ಟಿ ಮುಚ್ಚುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮಲಗುಚೀಲದೊಳಗೆ ಇಟ್ಟುಕೊಳ್ಳಿ. ಹಗಲಲ್ಲಿ ಗಾಳಿ ಕೊರೆಯುತ್ತಿದ್ದರೆ ಜಾಕೆಟ್ಟಿನ ಒಳಜೇಬು. ಬೆನ್ನುಚೀಲದ ಪಕ್ಕದ ಜೇಬು ಬೇಡ. ಹೆಪ್ಪುಗಟ್ಟಿರಬಹುದು ಎಂಬ ಅನುಮಾನ ಬಂದರೂ ಸಾಕು, ಉಳಿದ ದಿನಗಳಿಗೆ ಕುದಿಸಿ ಅಥವಾ 4 ಗಂಟೆ ಪೂರ್ತಿ ಕಾದು ಮಾತ್ರೆ ಬಳಸಿ. ಮನೆಗೆ ಬಂದು ಗಾಳಿ ಪರೀಕ್ಷೆ ಮಾಡಿ, ಆಮೇಲೂ ಅನುಮಾನ ಉಳಿದರೆ ಹೊಸದು ಕೊಳ್ಳಿ. ಸೆರಾಮಿಕ್ ತಿರುಳು ಒದ್ದೆಯಿರುವಾಗ ಹೆಪ್ಪುಗಟ್ಟಿದರೂ ಇದೇ ಮಾತು.

ಹಂತ 10: ಮರಳಿದ ಮೇಲೆ

ಬ್ಯಾಕ್‌ಫ್ಲಶ್ ಮಾಡಿ. ತಯಾರಕರು ಹೇಳಿದ ಪ್ರಮಾಣದಲ್ಲಿ, ಸುವಾಸನೆ ಬೆರೆಸದ ಬ್ಲೀಚ್ ಹಾಕಿದ ನೀರನ್ನು ಒಮ್ಮೆ ಹರಿಸಿ. ಮುಚ್ಚಳ ತೆರೆದು ನೆರಳಿನಲ್ಲಿ ಕೆಲವು ದಿನ ಒಣಗಿಸಿ. ಒದ್ದೆಯಿರುವಾಗಲೇ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ, ಒಲೆಯ ಬಳಿಗೆ ಒಯ್ಯಬೇಡಿ, ಕುದಿನೀರು ಹಾಕಬೇಡಿ. ನೂಲನ್ನು ಹಿಡಿದಿಟ್ಟ ಅಂಟು ಬಿಡುತ್ತದೆ.

ತಿಂಗಳುಗಳ ನಂತರ ತೆಗೆದಾಗ ನೀರು ಹರಿಯುವುದೇ ಇಲ್ಲವೆಂದರೆ, ಒಣಗಿದಾಗ ಉಳಿದ ಸುಣ್ಣದಂಶ ಕಣ್ಣುಗಳನ್ನು ಮುಚ್ಚಿರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಸಿ ಬ್ಯಾಕ್‌ಫ್ಲಶ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಬಿಳಿ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಹುಳಿ ವಾಸನೆ ಹೋಗುವವರೆಗೆ ಶುದ್ಧ ನೀರು ಹರಿಸಿ. ಹಂತ 6ರಲ್ಲಿ ಬರೆದಿಟ್ಟ ಸೆಕೆಂಡುಗಳ ಹತ್ತಿರಕ್ಕೆ ಹರಿವು ಬಂದಿದೆಯೇ ನೋಡಿ. ಬಂದಿದ್ದರೆ ಇನ್ನೊಮ್ಮೆ ಗಾಳಿ ಪರೀಕ್ಷೆ ಮಾಡಿ ಚೀಲಕ್ಕೆ ಹಾಕಿಕೊಳ್ಳಿ. ಬರದಿದ್ದರೆ ಹೊರಡುವ ಹಿಂದಿನ ರಾತ್ರಿಯವರೆಗೆ ಕಾಯದೆ ಈಗಲೇ ಬದಲಾಯಿಸಿ.